ಮನೆಗೆ ಫ್ರೆಂಚ್ ಅತಿಥಿಗಳು ಬಂದಾಗ ಬೋಜೊಲೇ ವೈನ್ ಇಟ್ರೆ ಸಾಕಾ? ಜೊತೆಗೆ ಏನು ಊಟ ಮಾಡ್ಲಿ?

ಲಿಯಾನ್‌ಗೆ ಹೊಸದಾಗಿ ಬಂದಿದೀರ, ಆಫೀಸ್‌ನವರನ್ನ ಊಟಕ್ಕೆ ಕರೆದಿದೀರ, ಕೋಳಿ ಸಾರು ಮಾಡ್ತೀರ, ಇಲ್ಲೇ ಪಕ್ಕದ ಬೆಟ್ಟಗಳ ರೆಡ್ ವೈನ್ ಬೋಜೊಲೇ ತೀರಾ ಲೈಟು ಅಂತ ದುಬಾರಿ, ಗಟ್ಟಿ ಬೋರ್ಡೋ ರೆಡ್ ತರೋ ಯೋಚನೆ. ನಾನೂ ಇಲ್ಲಿಗೆ ಬಂದ ಹೊಸದರಲ್ಲಿ ಹೀಗೇ ಇದ್ದೆ.

ನಮ್ಮನೆಗೆ ಬಂದ ಒಬ್ಬರದು ದ್ರಾಕ್ಷಿ ಬೆಳೆಯೋ ಕುಟುಂಬ, ಅವರೇ ಮನೇಲಿ ಜೋಪಾನ ಮಾಡಿಟ್ಟಿದ್ದ ಒಂದು ಫ್ಲರಿ (ಬೋಜೊಲೇಯಲ್ಲೇ ಒಂದು ಊರಿನ ಹೆಸರಿನ ಒಳ್ಳೇ ವೈನ್) ಬಾಟ್ಲಿ ತಂದ್ರು. ನಾನು ಅದನ್ನ ತಗೊಂಡು ಒಲೆ ಮೇಲಿನ ಶೆಲ್ಫಲ್ಲಿಟ್ಟೆ, ಯಾಕಂದ್ರೆ ರೆಡ್ ವೈನ್ ರೂಮ್ ಟೆಂಪರೇಚರಲ್ಲಿರ್ಬೇಕು ಅಂತ ಎಲ್ಲೋ ಓದಿದ್ದೆ. ಡಿಸೆಂಬರ್ ತಿಂಗಳು, ಹೀಟರ್ ಆನ್, ಕೆಳಗೆ ಸಾರು ಕುದೀತಾ ಇದೆ, ಊಟಕ್ಕೆ ಕೂರೋ ಹೊತ್ತಿಗೆ ಬಾಟ್ಲಿ ಮುಟ್ಟಿದ್ರೆ ಬೆಚ್ಚಗಿತ್ತು. ಗ್ಲಾಸಿಗೆ ಬಗ್ಗಿಸಿದ ತಕ್ಷಣ ಮೂಗಿಗೆ ಹೊಡೆದಿದ್ದು ಬರೀ ಆಲ್ಕೋಹಾಲ್ ಘಾಟು, ಹಣ್ಣಿನ ವಾಸನೆ ಎಲ್ಲಿ ಹೋಯ್ತೋ ಗೊತ್ತಿಲ್ಲ, ಅದರ ಮೇಲೆ ನನ್ನ ಸಾರಿನ ಖಾರ, ಖಾರಕ್ಕೆ ಬೆಚ್ಚಗಿನ ಆಲ್ಕೋಹಾಲ್ ಸೇರಿದ್ರೆ ಬಾಯೆಲ್ಲ ಉರಿ. ಅವರು ಒಂದು ಗುಟುಕು ಕುಡಿದು ಗ್ಲಾಸ್ ಪಕ್ಕಕ್ಕಿಟ್ಟು ನೀರು ಕೇಳಿದ್ರು. ಅಂಥ ಬಾಟ್ಲಿ ಹಾಳಾಯ್ತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಆ ರೂಮ್ ಟೆಂಪರೇಚರ್ ಅನ್ನೋದು ಹೀಟರ್ ಇಲ್ಲದ ಹಳೇ ಕಲ್ಲಿನ ಮನೆಗಳ ಕಾಲದ ಮಾತು, ಇವತ್ತಿನ ಫ್ಲ್ಯಾಟಿಗೆ ಅಲ್ಲ. ಬೋಜೊಲೇ ಮಾಡೋದು ಗಾಮೆ ದ್ರಾಕ್ಷಿಯಲ್ಲಿ, ಅದಕ್ಕೆ ಎಳೆ ಸೀಬೆಕಾಯಿ ಕಚ್ಚಿದ ಹಾಗೆ ನಾಲಿಗೆ ಹಿಡಿಯೋ ಒಗರು ಕಡಿಮೆ, ಹುಳಿ ಜಾಸ್ತಿ. ಒಗರಿರೋ ವೈನ್ ತಣ್ಣಗೆ ಮಾಡಿದ್ರೆ ಇನ್ನೂ ಒರಟಾಗುತ್ತೆ, ಇದಕ್ಕೆ ಆ ಭಯ ಇಲ್ಲ, ಸ್ವಲ್ಪ ತಂಪಾದ್ರೆ ಹಣ್ಣು ಎದ್ದು ಬರುತ್ತೆ. 12ರಿಂದ 14 ಡಿಗ್ರಿ ಇರ್ಲಿ, ಅಂದ್ರೆ ಬಡಿಸೋ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ರೆಡ್‌ನ ಫ್ರಿಜ್‌ನಲ್ಲಿಡಬಾರದು ಅಂತ ಯಾರಾದ್ರೂ ಅಂದ್ರೆ ಕೇಳ್ಬೇಡಿ.

ಇನ್ನು ಬೋರ್ಡೋ? ದಯವಿಟ್ಟು ಬೇಡ. ಲೈಟ್ ಅಂದ್ರೆ ಕೀಳು ಅಂತ ಯಾರು ಹೇಳಿದ್ದು? ಗಾಮೆನ ಕೀಳಾಗಿ ನೋಡೋದು ಹಳೇ ಚಾಳಿ, 1395ರಲ್ಲೇ ಬರ್ಗಂಡಿಯ ಡ್ಯೂಕ್ ಫಿಲಿಪ್ ಅದನ್ನ ಕಿತ್ತು ಹಾಕಿ ಅಂತ ಆಜ್ಞೆ ಹೊರಡಿಸಿದ್ದ. ಆದ್ರೆ ಬೋಜೊಲೇ ಬೆಟ್ಟಗಳ ಗ್ರಾನೈಟ್ ಮಣ್ಣಿಗೆ ಅದು ಎಷ್ಟು ಚೆನ್ನಾಗಿ ಒಗ್ಗಿದೆ ಅಂದ್ರೆ ಕುಡಿದೇ ನೋಡ್ಬೇಕು. ಒಂದ್ಸಲ ಯಾವುದಾದ್ರೂ ಬೂಶೋಗೆ ಹೋಗಿ, ಲಿಯಾನ್‌ನ ಆ ಹಳೇ ಥರದ ಊಟದ ಮನೆಗಳಿಗೆ. ದಪ್ಪ ತಳದ 46 ಸೆಂಟಿಲೀಟರ್ ಬಾಟ್ಲೀಲಿ ಬೋಜೊಲೇ ತಂದಿಡ್ತಾರೆ, ಜೊತೆಗೆ ಸಾಸೇಜು, ಕೊನೇಲಿ ಕರಗೋ ಹಂಗಿರೋ ಸೇಂಟ್-ಮಾರ್ಸೆಲಾಂ ಚೀಸ್. ಹಂದಿಯ ಜಿಡ್ಡನ್ನ ಆ ಹುಳಿ ಕತ್ತರಿಸುತ್ತೆ, ಅದಕ್ಕೇ ಜೋಡಿ ಕೂರುತ್ತೆ.

ಕೋಳಿ ಸಾರೇ ಮಾಡಿ, ಆದ್ರೆ ಗುಂಟೂರು ಬಿಟ್ಟು ಬ್ಯಾಡಗಿ ಹಾಕಿ, ಕಾಯಿ ಸ್ವಲ್ಪ ಜಾಸ್ತಿ ರುಬ್ಬಿ. ಬೋಜೊಲೇಯಲ್ಲಿ ಬ್ರೂಯಿ ಅಥವಾ ಫ್ಲರಿ ಅಂತ ಬರೆದಿರೋ ಬಾಟ್ಲಿ ತಗೊಳ್ಳಿ. ಕೊಡಗಿನ ಪಂದಿ ಕರಿ ಮಾಡೋದಾದ್ರೆ ಬೋಜೊಲೇಯದ್ದೇ ಮೊರ್ಗೋನ್ ಬೇಕು, ಅದು ಸ್ವಲ್ಪ ಗಟ್ಟಿ, ಕಾಚಂಪುಳಿಯ ಹುಳಿಗೆ ತಡೆಯುತ್ತೆ. ನವೆಂಬರ್ ಮೂರನೇ ಗುರುವಾರ ಬರೋ ನೂವೋ, ಅಂದ್ರೆ ಆ ವರ್ಷದ ಹೊಸ ಬೋಜೊಲೇ, ಈ ಊಟಕ್ಕೆ ಬೇಡ, ಬಾಳೆಹಣ್ಣಿನ ವಾಸನೆ ಅದು, ಫ್ರೆಂಡ್ಸ್ ಜೊತೆ ಸುಮ್ನೆ ಕುಡಿಯೋಕೆ ಇಟ್ಕೊಳ್ಳಿ.