ಮಗಳು ಶಿಕಾಗೊಗೆ ಹೋಗಿ ಏನು ಕಲಿಯುತ್ತಾಳೆ?

ಪ್ರಶ್ನೆ: ಮಗಳು ಬಿ.ಆರ್ಕ್ (ಆರ್ಕಿಟೆಕ್ಟ್, ಅಂದರೆ ಕಟ್ಟಡದ ನಕ್ಷೆ ಮಾಡುವವರ ಡಿಗ್ರಿ) ಮುಗಿಸಿ ಶಿವಮೊಗ್ಗದ ಒಂದು ಆಫೀಸಿನಲ್ಲಿ ಎರಡು ವರ್ಷದಿಂದ ಇದ್ದಾಳೆ. ಈಗ ಶಿಕಾಗೊದಲ್ಲಿ ಎಂ.ಆರ್ಕ್ ಓದಿ, ಅಲ್ಲಿನ ದೊಡ್ಡ ಕಂಪನಿಯಲ್ಲಿ ಕೆಲಸ ಕಲಿತು ವಾಪಸ್ ಬರುತ್ತೇನೆ ಅನ್ನುತ್ತಾಳೆ. ನೂರು ಮಹಡಿ ಕಲಿತು ನಮ್ಮ ಹೆಂಚಿನ ಮನೆಗಳ ಊರಲ್ಲಿ ಏನು ಮಾಡುವುದು? ಆ ಕಂಪನಿಗಳೇ ಕಟ್ಟಡವನ್ನೂ ಕಟ್ಟುತ್ತವಾ?
– ಒಬ್ಬ ತಂದೆ, ತೀರ್ಥಹಳ್ಳಿ

ಉತ್ತರ: ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಕಟ್ಟುವುದಿಲ್ಲ. ಎರಡನ್ನೂ ಒಟ್ಟಿಗೆ ಮಾಡುವವರು ಇದ್ದಾರೆ, ಆದರೆ ಅಲ್ಲಿ ಹೆಚ್ಚಾಗಿ ನಕ್ಷೆ ಮಾಡುವವರು ಬೇರೆ, ಕಟ್ಟುವ ಕಂಟ್ರಾಕ್ಟರ್ ಬೇರೆ. ನಕ್ಷೆಯಲ್ಲಿ ಏನಾದರೂ ಅರ್ಥವಾಗದಿದ್ದರೆ ಕಂಟ್ರಾಕ್ಟರ್ ಬರೆದು ಕೇಳಬೇಕು, ಆರ್ಕಿಟೆಕ್ಟ್ ಬರೆದೇ ಉತ್ತರ ಕೊಡಬೇಕು. ಉಕ್ಕು, ಕಿಟಕಿ, ಗಾಜು ಮಾಡುವವರು ಕೂಡ ತಮ್ಮ ವಿವರದ ನಕ್ಷೆ ಮೊದಲು ಕಳಿಸಿ, ಆರ್ಕಿಟೆಕ್ಟ್ ನೋಡಿದ ಮೇಲೆ ಕೆಲಸ ಶುರು ಮಾಡುತ್ತಾರೆ.

ಇದು ನನಗೆ ಯಾಕೆ ದೊಡ್ಡ ವಿಷಯ ಅಂದರೆ, ನಮ್ಮ ಮನೆಯಲ್ಲೇ ಅನುಭವಿಸಿದ್ದೇವೆ. ಹಳೇ ಹೆಂಚಿನ ಮಾಡು ತೆಗೆಸಿ ತಾರಸಿ ಹಾಕಿಸಿದೆವು. ಮೊದಲ ಆಷಾಢದಲ್ಲೇ ಅಡುಗೆಮನೆ ಮೂಲೆಯಲ್ಲಿ, ತಾರಸಿಗೆ ಪ್ಯಾರಾಪೆಟ್ ಸೇರುವ ಕಡೆ, ಅಂಗೈಯಷ್ಟು ಒದ್ದೆ ಕಾಣಿಸಿತು. ತಿಂಗಳೊಳಗೆ ಅದು ಗೋಡೆಯ ಬುಡದವರೆಗೆ ಇಳಿದು ಪಾಚಿ ಕಟ್ಟಿತು, ಅಕ್ಕಿ ಡಬ್ಬದ ಪಕ್ಕ ಬಕೆಟ್ ಬಂತು. ಎಂಜಿನಿಯರ್ ಮೇಸ್ತ್ರಿಯ ಕಡೆ ಕೈ ತೋರಿಸಿದರು, ಮೇಸ್ತ್ರಿ ಎಂಜಿನಿಯರ್ ಕಡೆ. ಆ ಮೂಲೆಯಲ್ಲಿ ನೀರು ಎತ್ತ ಹೋಗಬೇಕು ಅಂತ ಯಾರೂ ಒಂದು ಗೆರೆ ಎಳೆದಿರಲಿಲ್ಲ. ಕೊನೆಗೆ ತಾರಸಿ ಮೇಲೆ ಶೀಟ್ ಹಾಕಿಸಿದೆವು. ಆ ಗೆರೆ ಎಳೆದು, ಅದಕ್ಕೆ ತಾನೇ ಹೊಣೆ ಅಂತ ನಿಲ್ಲುವುದನ್ನು ನಿಮ್ಮ ಮಗಳು ಕಲಿತು ಬಂದರೆ ನಮ್ಮೂರಿಗೆ ಎಷ್ಟೋ ಉಪಕಾರ.

ಇನ್ನು ನೂರು ಮಹಡಿ. ಶಿಕಾಗೊ ಸುಮ್ನೆ ಎತ್ತರಕ್ಕೆ ಬೆಳೆಯಲಿಲ್ಲ. 1871ರ ಬೆಂಕಿಯಲ್ಲಿ ಊರಿನ ನಡುಭಾಗವೇ ಸುಟ್ಟುಹೋಗಿ ಸುಮಾರು 1 ಲಕ್ಷ ಜನ ಮನೆ ಕಳೆದುಕೊಂಡರು. ಆಮೇಲೆ ಜಾಗಕ್ಕೆ ಬೆಲೆ ಏರಿತು, ಲಿಫ್ಟ್ ಬಂದಿತ್ತು, ಆದರೆ ಇಟ್ಟಿಗೆ ಗೋಡೆ ಎಷ್ಟು ಅಂತ ಹೊರುತ್ತದೆ? ಬರ್ನ್‌ಹ್ಯಾಮ್ ಅಂಡ್ ರೂಟ್ ಕಂಪನಿಯ ಮೊನಾಡ್‌ನಾಕ್ ಕಟ್ಟಡ 1891ರದ್ದು, 16 ಮಹಡಿ. ಅದರ ಗೋಡೆ ಬುಡದಲ್ಲಿ ಸುಮಾರು 6 ಅಡಿ ದಪ್ಪ! ಅದಕ್ಕೂ ಮುಂಚೆ, 1885ರಲ್ಲಿ, ವಿಲಿಯಂ ಲೆ ಬ್ಯಾರನ್ ಜೆನ್ನಿ ಹೋಮ್ ಇನ್ಶೂರೆನ್ಸ್ ಕಟ್ಟಡದ ಭಾರವನ್ನು ಬಹುಪಾಲು ಕಬ್ಬಿಣ, ಉಕ್ಕಿನ ಚೌಕಟ್ಟಿಗೆ ಹೊರಿಸಿದ್ದರು. ತೊಟ್ಟಿಮನೆಯ ಜಗಲಿಯಲ್ಲಿ ಮಾಡನ್ನು ಕಂಬ, ತೊಲೆ ಹೊತ್ತು ನಿಂತಿರುವುದನ್ನು ನೋಡಿ ಬೆಳೆದ ಹುಡುಗಿಗೆ ಇದು ಹೊಸದಲ್ಲ.

1936ರಲ್ಲಿ ಅದೇ ಊರಲ್ಲಿ ಶುರುವಾದ ಕಂಪನಿ ಈಗಿನ ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್. ಅಲ್ಲಿ ಢಾಕಾದಲ್ಲಿ ಹುಟ್ಟಿದ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್, ಆರ್ಕಿಟೆಕ್ಟ್ ಬ್ರೂಸ್ ಗ್ರಹಾಂ ಜೊತೆಗೆ ಕೂತು 110 ಮಹಡಿಯ ಸಿಯರ್ಸ್ ಟವರ್ ಮಾಡಿದರು. 442 ಮೀಟರ್ ಎತ್ತರ, ಗಾಳಿ ತಡೆಯಬೇಕು. ಅದಕ್ಕೆ ಸುತ್ತಲೂ ಉಕ್ಕಿನ ಚೌಕಟ್ಟಿರುವ, ಚೌಕ ಕೊಳವೆಯಂಥ ಒಂಬತ್ತು ಗೋಪುರಗಳನ್ನು ಒಟ್ಟಿಗೆ ಸೇರಿಸಿದರು. ಒಂದು ಅಡಿಕೆ ದಬ್ಬೆ ಬಾಗುತ್ತದೆ, ಒಂಬತ್ತನ್ನು ಬಿಗಿದು ಕಟ್ಟಿದರೆ ಅಷ್ಟು ಸುಲಭಕ್ಕೆ ಬಾಗುವುದಿಲ್ಲ, ಅಲ್ವಾ? ಶುರುವಿನಲ್ಲೇ ಎಂಜಿನಿಯರ್, ಆರ್ಕಿಟೆಕ್ಟ್ ಒಂದೇ ಟೇಬಲ್ಲಿಗೆ ಕೂರುವುದು, ಅದನ್ನೇ ಅವಳು ಹತ್ತಿರದಿಂದ ನೋಡಲಿ.

ಒಂದು ಮಾತು ಮಾತ್ರ ಕೇಳಿ. ದೊಡ್ಡ ಆಫೀಸಿನಲ್ಲಿ ಹೊಸಬರಿಗೆ ತಿಂಗಳುಗಟ್ಟಲೆ ಮೆಟ್ಟಿಲು, ಟಾಯ್ಲೆಟ್ ನಕ್ಷೆಯೇ ಗತಿಯಾಗಬಹುದು. ಇಪ್ಪತ್ತು ಜನರ ಆಫೀಸು, ಶಾಲೆ, ಮನೆ, ಹಳೇ ಕಟ್ಟಡ ರಿಪೇರಿ ಮಾಡುವಂಥದ್ದು, ಅವಳಿಗೆ ಜಾಸ್ತಿ ಕಲಿಸುತ್ತದೆ. ಇಂಟರ್‌ವ್ಯೂನಲ್ಲಿ ಸಂಬಳದ ಜೊತೆಗೆ ‘ಸೈಟಿಗೆ ಕಳಿಸುತ್ತೀರಾ?’ ಅಂತಲೂ ಕೇಳಲಿ.

ಪ್ರಶ್ನೆ: ಇಲ್ಲಿನ ಡಿಗ್ರಿ ಇದ್ದರೆ ಅಮೆರಿಕದಲ್ಲಿ ಆರ್ಕಿಟೆಕ್ಟ್ ಅಂತ ಹೇಳಿಕೊಳ್ಳಬಹುದಾ?
– ಬಿ.ಆರ್ಕ್ ವಿದ್ಯಾರ್ಥಿ, ಸಾಗರ

ಉತ್ತರ: ಇಲ್ಲ. ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಸಾಮಾನ್ಯ ದಾರಿ ಅಂದರೆ ಅಲ್ಲಿ ಮಾನ್ಯತೆ ಇರುವ ಡಿಗ್ರಿ, ಲೆಕ್ಕ ಬರೆದಿಟ್ಟ 3,740 ಗಂಟೆ ಕೆಲಸ, 6 ಭಾಗದ ಪರೀಕ್ಷೆ. ಅಲ್ಲಿವರೆಗೆ ಲೈಸೆನ್ಸ್ ಇರುವವರ ಕೈಕೆಳಗೆ ಕೆಲಸ ಮಾಡಬಹುದು. ನಮ್ಮಲ್ಲೂ 1972ರ ಕಾಯಿದೆ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸದೆ ಆ ಪದ ಹಾಕಿಕೊಳ್ಳುವಂತಿಲ್ಲ. ಡಿಗ್ರಿ ಮುಗಿದ ತಕ್ಷಣ ಅದನ್ನು ಮಾಡಿಸಿಕೊಳ್ಳಿ.