ಬೈಕ್ ಟೆಸ್ಟಿನಲ್ಲಿ 8 ಹಾಕುವಾಗ ಕಾಲು ಊರಿ ಫೇಲಾದೆ, ಮತ್ತೆ ಹೋಗಲು ಭಯ. ಪಾಸಾದವರು ನಿಮ್ಮ ಅನುಭವ ಹೇಳ್ತೀರಾ?

ನಿಮ್ಮ ಪ್ರಶ್ನೆ ಓದಿ ಹಳೆಯದೆಲ್ಲ ನೆನಪಾಯಿತು. ಹೋದ ವಾರ ಟೆಸ್ಟಿನಲ್ಲಿ, ಕಾಲು ಊರದೆ ಓಡಿಸಬೇಕಾದ 8 ಆಕಾರದ ಗೆರೆಯ ನಡುವೆ, ಕಾಲು ಊರಿದಿರಿ, ಸುತ್ತ ನಿಂತವರೆಲ್ಲ ನೋಡಿದರು, ಎತ್ತರವೂ ಕಮ್ಮಿ, ಬೈಕಿನ ಆಸೆ ಬಿಟ್ಟು ಸ್ಕೂಟರಿಗೇ ಲೈಸೆನ್ಸ್ ಮಾಡಿಸಿಕೊಳ್ಳಲಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾನೂ ಮೊದಲನೇ ಸಲ ಅದೇ ಜಾಗದಲ್ಲಿ, ಎರಡು ಸುತ್ತು ಕೂಡುವ ಕಡೆ, ಕಾಲು ಊರಿ ಫೇಲಾದವಳು. ಎರಡನೇ ಸಲ ಪಾಸಾದೆ. ನಡುವೆ ಏನಾಯಿತು ಅಂತ ಹೇಳುತ್ತೇನೆ, ನಿಮಗೆ ಬೇಕಾದ್ದು ಅದರಲ್ಲೇ ಇದೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂಟಿ ಮನೆ. ಟಾರು ರಸ್ತೆಯಿಂದ ಮೂರು ಕಿಲೋಮೀಟರ್ ಮಣ್ಣುದಾರಿ, ನಡುವೆ ಎರಡು ಉಣುಗೋಲು (ದಾರಿಗೆ ಅಡ್ಡ ಹಾಕಿದ ಕೋಲಿನ ಗೇಟು), ಒಂದು ಹಳ್ಳ. ಡೈರಿಗೆ ಹಾಲು ಹಾಕಬೇಕಿದ್ದರೂ, ಅಮ್ಮನಿಗೆ ಮಾತ್ರೆ ತರಬೇಕಿದ್ದರೂ ಅಪ್ಪಯ್ಯನ ಹೀರೋ ಹೋಂಡಾ ಸ್ಪ್ಲೆಂಡರ್ ಒಂದೇ ಗತಿ. 2009ರ ಜನವರಿಯಲ್ಲಿ ಒಂದು ರಾತ್ರಿ ಅಪ್ಪಯ್ಯ ಬೈಕನ್ನು ತಳ್ಳಿಕೊಂಡು ಮನೆಗೆ ಬಂದರು. ಪೆಟ್ರೋಲ್ ಖಾಲಿಯಾಗಿರಬೇಕು ಅಂದುಕೊಂಡೆವು. ಅವರು ಕೈಕಾಲು ತೊಳೆದು ಜಗಲಿಯಲ್ಲಿ ಕೂತು, "ಎದುರಿಂದ ಲೈಟ್ ಬಿದ್ರೆ ಎಲ್ಲ ಬೆಳ್ಳಗೆ ಆಗಿ ಹೋಗ್ತದೆ ಪುಟ್ಟಿ, ದಾರಿ ಯಾವುದು ಚರಂಡಿ ಯಾವುದು ಗೊತ್ತಾಗೂದಿಲ್ಲ" ಅಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಣ್ಣ ಬೆಂಗಳೂರಿನಲ್ಲಿ. ಮನೆಯಲ್ಲಿದ್ದವಳು ನಾನು. ಬೈಕ್ ಕಲಿಯಬೇಕು ಅಂತ ತೀರ್ಮಾನ ಆಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದ್ದು ಸುಲಭದ ಕೆಲಸ. ಅಪ್ಪಯ್ಯ ಹಳೆಯ ಎಣ್ಣೆ ಡಬ್ಬದ ತಗಡು ಕತ್ತರಿಸಿ, ಬಿಳಿ ಬಣ್ಣ ಬಳಿದು, ಅದರ ಮೇಲೆ ಕೆಂಪಿನಲ್ಲಿ ಎಲ್ ಬರೆದುಕೊಟ್ಟರು. ನಿಯಮದಲ್ಲಿ ಹಲಗೆ 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ ಇರಬೇಕು. ನನ್ನ ಶಾಲೆಯ ಕಾಲದ ಸ್ಕೇಲ್ ಹುಡುಕಿ ತೆಗೆದು ಅಳೆದೇ ಮಾಡಿದರು. ಕಣ್ಣು ಮಂಜಾದವರು ಗೆರೆ ವಾರೆಯಾಗದ ಹಾಗೆ ಎಳೆದ ಆ ತಗಡು ಈಗಲೂ ನಮ್ಮ ಅಟ್ಟದಲ್ಲಿದೆ.

ಕಲಿತದ್ದು ಅಂಗಳದಲ್ಲಿ. ನಮ್ಮ ಕಡೆಯ ಅಂಗಳ ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇರುತ್ತದೆ. ಅಡಿಕೆ ಕೆಲಸ ಮುಗಿದಿತ್ತು, ಚಪ್ಪರದ ಕಂಬಗಳು ಹಾಗೇ ನಿಂತಿದ್ದವು. ಆ ಕಂಬಗಳ ನಡುವೆ ಬೈಕ್ ನುಗ್ಗಿಸಿ ಹೊರಗೆ ತರುವುದೇ ಮೊದಲ ಪಾಠ. ಎರಡು ದಿನದಲ್ಲಿ ಮೂರು ಕಂಬಕ್ಕೆ ಗುದ್ದಿದೆ. ಮೂರನೇ ದಿನ ಅಪ್ಪಯ್ಯ ಜಗಲಿಯಿಂದ ಇಳಿದು ಬಂದು, "ಕಂಬ ನೋಡಿದ್ರೆ ಬೈಕ್ ಕಂಬಕ್ಕೇ ಹೋಗ್ತದೆ. ಎರಡು ಕಂಬದ ನಡುವೆ ಬೆಳಕು ಕಾಣ್ತದಲ್ಲ, ಅದನ್ನ ನೋಡು" ಅಂದರು. ಆವತ್ತಿನಿಂದ ಒಂದು ಕಂಬಕ್ಕೂ ತಾಗಲಿಲ್ಲ. ಆಮೇಲೆ ಎಷ್ಟೋ ಜನ ಕಲಿಯುವವರನ್ನು ನೋಡಿದ್ದೇನೆ, ಎಲ್ಲರದ್ದೂ ಇದೇ ಕಥೆ. ಕಣ್ಣು ಎಲ್ಲಿ ನಿಲ್ಲುತ್ತದೋ ಕೈ ಹ್ಯಾಂಡಲನ್ನು ಅಲ್ಲಿಗೇ ತಿರುಗಿಸುತ್ತದೆ, ನಮ್ಮ ಗಮನಕ್ಕೇ ಬರುವುದಿಲ್ಲ.

ಕಂಬ ಮುಗಿದ ಮೇಲೆ ಬಚ್ಚಲ ಒಲೆಯ ಬೂದಿ ತಂದು ನೆಲದ ಮೇಲೆ 8 ಬರೆದೆವು. ಅಮ್ಮ ಸಗಣಿ ಹಾಕಿ ಸಾರಿಸಿದ ಅಂಗಳ ಅದು. ಪಾಪ, ನಾನು ಕಲಿತು ಮುಗಿಯುವ ತನಕ ಅದರ ಆಸೆ ಬಿಟ್ಟರು.

ಎಲ್‌ಎಲ್‌ಆರ್ ಆಗಿ 30 ದಿನ ಕಳೆಯದೆ ಟೆಸ್ಟ್ ಕೊಡುವಂತಿಲ್ಲ. 35ನೇ ದಿನ ಚಿಕ್ಕಪ್ಪನನ್ನು ಹಿಂದೆ ಕೂರಿಸಿಕೊಂಡು ಶಿವಮೊಗ್ಗಕ್ಕೆ ಹೊರಟೆ. ಕಲಿಯುವವರು ಹಿಂದೆ ಕೂರಿಸಿಕೊಳ್ಳುವುದಾದರೆ ಕಲಿಸುವವರನ್ನು ಮಾತ್ರ, ಅವರಿಗೆ ಲೈಸೆನ್ಸ್ ಇರಲೇಬೇಕು. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ 60 ಚಿಲ್ಲರೆ ಕಿಲೋಮೀಟರ್ ಓಡಿಸಿದ್ದೆ. ಲಾರಿ, ಬಸ್ಸು, ತಿರುವು ಎಲ್ಲ ದಾಟಿ ಬಂದವಳಿಗೆ 8 ಯಾವ ಲೆಕ್ಕ ಅಂತ ಧೈರ್ಯ ಇತ್ತು. ಆದರೆ ದಾರಿಯಲ್ಲಿ ಓಡಿಸುವುದು ಬೇರೆ, ನಡೆಯುವಷ್ಟು ನಿಧಾನಕ್ಕೆ ಓಡಿಸುವುದು ಬೇರೆ. ವೇಗ ಇದ್ದಾಗ ಬೈಕ್ ತಾನಾಗಿ ಬೀಳದೆ ನೆಟ್ಟಗಿರುತ್ತದೆ. ನಿಧಾನ ಆದಾಗ ಅದನ್ನು ಬೀಳದ ಹಾಗೆ ಹಿಡಿದುಕೊಳ್ಳುವ ಕೆಲಸ ನಮ್ಮದು.

ಮೈದಾನದಲ್ಲಿ ಸಾಲು ದೊಡ್ಡದಿತ್ತು. ನನ್ನ ಹೆಸರು ಕರೆದಾಗ ಬಾಯಿ ಒಣಗಿತ್ತು. ಮೊದಲ ಸುತ್ತು ಸರಿಯಾಗೇ ಹೋಯಿತು. ನಡುವೆ ಬಂದಾಗ ಗೆರೆ ಎಲ್ಲಿದೆ ಅಂತ ಮುಂದಿನ ಚಕ್ರದ ಕಡೆ ಬಗ್ಗಿ ನೋಡಿದೆ. ಬೈಕ್ ವಾಲಿತು, ಹೆದರಿ ಮುಂದಿನ ಬ್ರೇಕ್ ಹಿಡಿದೆ, ಎಡಗಾಲು ನೆಲದ ಮೇಲಿತ್ತು. ಇನ್ಸ್‌ಪೆಕ್ಟರ್ ಸಿಟ್ಟು ಮಾಡಲಿಲ್ಲ. "ಏಳು ದಿನ ಬಿಟ್ಟು ಬಾಮ್ಮ" ಅಂತ ಮುಂದಿನವರನ್ನು ಕರೆದರು. ಸಾಲಿನಲ್ಲಿದ್ದ ಒಬ್ಬರು "ಹೆಣ್ಮಕ್ಕಳಿಗೆ ಸ್ಕೂಟಿ ಸಾಕಲ್ವಾ" ಅಂದಿದ್ದು ಕಿವಿಗೆ ಬಿತ್ತು. ನಿಮಗೂ ಇಂಥದ್ದೇ ಮಾತು ಚುಚ್ಚಿರಬೇಕು ಅಂತ ನಿಮ್ಮ ಪ್ರಶ್ನೆಯ ಧಾಟಿಯಲ್ಲೇ ಅನ್ನಿಸಿತು. ವಾಪಸ್ ಬರುವಾಗ ಮಂಡಗದ್ದೆಯಲ್ಲಿ ಚಾಗೆ ನಿಲ್ಲಿಸಿದೆವು. ಮಳೆಗಾಲದಲ್ಲಿ ಬೆಳ್ಳಕ್ಕಿ ತುಂಬುವ ತುಂಗೆಯ ನಡುಗಡ್ಡೆ ಮರಗಳು ಆಗ ಖಾಲಿ ಇದ್ದವು. ಚಿಕ್ಕಪ್ಪ ಸಮಾಧಾನ ಹೇಳಲಿಲ್ಲ, ಬೀಗದ ಕೈಯನ್ನು ಮತ್ತೆ ನನ್ನ ಕೈಗೇ ಕೊಟ್ಟು ಹಿಂದೆ ಹತ್ತಿ ಕೂತರು. ಅದು ನನಗೆ ದೊಡ್ಡ ಉಪಕಾರ ಆಯಿತು.

ಮರುದಿನ ಬೆಳಿಗ್ಗೆ ನಡೆದದ್ದನ್ನು ಬಿಡಿಸಿ ಹೇಳಬೇಕು. ಹೊಸದಾಗಿ ಬೂದಿ ಹಾಕಿ ಹತ್ತು ಸಲ 8 ಓಡಿಸಿದೆ. ಅಪ್ಪಯ್ಯ ಬಂದು ಆ ಗೆರೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತರು. ದೂರದ್ದು ಕಾಣದ ಕಣ್ಣು, ಹಾಗಾಗಿ ಮುಖ ನೆಲಕ್ಕೆ ತಂದು, ಟೈರಿನ ಗುರುತಿನ ಮೇಲೆ ತೋರುಬೆರಳು ಇಟ್ಟು, ಗೆರೆ ಹೋದ ಹಾಗೇ ಸವರಿಕೊಂಡು ಹೋದರು. "ಇಲ್ಲಿ ಚೆನ್ನಾಗಿ ಬಂದೀಯ, ಒಂದೇ ಸಮ ಇದೆ." ಇನ್ನೊಂದು ಮಾರು ಮುಂದೆ ಹೋಗಿ, "ಇಲ್ಲಿ ಗುರುತು ಎರಡಾಗಿದೆ, ಹ್ಯಾಂಡಲ್ ನಡುಗಿದೆ. ಹೆದರಿದೀಯ." ನಡುವೆ ಬಂದಾಗ ಬೆರಳು ನಿಂತಿತು. ಅಲ್ಲಿ ಸಗಣಿಯ ಪೊರೆ ಬೆರಳಗಲ ಎದ್ದು ಹೋಗಿ ಕೆಳಗಿನ ಕೆಂಪು ಮಣ್ಣು ಕಾಣುತ್ತಿತ್ತು. "ಇದು ಮುಂದಿನ ಚಕ್ರ ಉಜ್ಜಿದ್ದು. ಹ್ಯಾಂಡಲ್ ತಿರುಗಿಸಿಕೊಂಡು ಮುಂದಿನ ಬ್ರೇಕ್ ಹಿಡೀಬಾರ್ದು ಪುಟ್ಟಿ. ಹಿಡಿದ್ರೆ ಬೈಕ್ ಒಳಗೆ ಮಲಗ್ತದೆ, ನೀನು ಕಾಲು ಕೊಡ್ಲೇಬೇಕು."

ನಾನು ಕಾಲು ಊರಿದ್ದು ಎತ್ತರ ಕಮ್ಮಿ ಅಂತಲ್ಲ, ಕಾಲು ಊರಲೇಬೇಕಾದ ಸ್ಥಿತಿಗೆ ಬೈಕನ್ನು ನಾನೇ ತಂದಿದ್ದೆ. ಅದು ತಿಳಿದದ್ದು ಆವತ್ತು. ನಿಮ್ಮದೂ ಅದೇ ಇರಬಹುದು, ಒಮ್ಮೆ ನೋಡಿಕೊಳ್ಳಿ.

ಆ ವಾರ ಮುಂದಿನ ಬ್ರೇಕಿನ ಲಿವರ್ ಮೇಲೆ ಬೆರಳೇ ಇಡಲಿಲ್ಲ. ಬಲಗಾಲು ಹಿಂದಿನ ಬ್ರೇಕಿನ ಮೇಲೆ, ಹಿಡಿದೂ ಹಿಡಿಯದ ಹಾಗೆ. ಮೊದಲನೇ ಗೇರು. ಕ್ಲಚ್ ಪೂರ್ತಿ ಬಿಡದೆ, ಬೈಕ್ ಎಳೆಯಲು ಶುರು ಮಾಡುವ ಜಾಗದಲ್ಲಿ ಹಿಡಿದುಕೊಂಡು, ಆಕ್ಸಿಲರೇಟರ್ ಒಂದೇ ಸಮ ಇಡುವುದು. ಎಂಜಿನ್ ಮುಂದಕ್ಕೆ ಎಳೆಯುತ್ತಿರುತ್ತದೆ, ಹಿಂದಿನ ಬ್ರೇಕ್ ತಡೆಯುತ್ತಿರುತ್ತದೆ, ಆ ಜಗ್ಗಾಟದಲ್ಲಿ ಬೈಕ್ ವಾಲಾಡದೆ ಬಿಗಿಯಾಗಿರುತ್ತದೆ. ವೇಗ ಜಾಸ್ತಿ ಅನ್ನಿಸಿದರೆ ಆಕ್ಸಿಲರೇಟರ್ ಬಿಡಬೇಡಿ, ಹಿಂದಿನ ಬ್ರೇಕನ್ನು ಇನ್ನೊಂದು ಚೂರು ಒತ್ತಿ. ಬಿಟ್ಟರೆ ಎಂಜಿನ್ ಜಗ್ಗಿ ಆಫ್ ಆಗುತ್ತದೆ, ಆಗ ಕಾಲು ಕೆಳಗೆ ಬಂದೇ ಬರುತ್ತದೆ. ಮೈ ನೆಟ್ಟಗಿರಲಿ, ಬೈಕ್ ಮಾತ್ರ ಒಳಕ್ಕೆ ವಾಲಲಿ. ಎಡಕ್ಕೆ ತಿರುಗುವಾಗ ಭಾರ ಬಲಗಡೆಗೆ ಚೂರು ಹಾಕಿ. ನೋಟ ಚಕ್ರದ ಮೇಲಲ್ಲ, ಅರ್ಧ ಸುತ್ತು ಮುಂದೆ. ಎಡ ಸುತ್ತು ಮುಗಿಯುವ ಮೊದಲೇ ಕುತ್ತಿಗೆ ಬಲಕ್ಕೆ ತಿರುಗಿರಬೇಕು. ನಿಮ್ಮ ಕುತ್ತಿಗೆ ತಿರುಗುವುದು ತಡವಾಗುವ ಜಾಗವೂ ನೀವು ಕಾಲು ಊರುವ ಜಾಗವೂ ಒಂದೇ ಆಗಿರುತ್ತದೆ.

ಎತ್ತರದ ವಿಚಾರ ಕೇಳಿದಿರಿ. ನಿಲ್ಲುವಾಗ ಎರಡೂ ಕಾಲು ಎಟುಕಬೇಕು ಅಂತಿಲ್ಲ. ಸೊಂಟವನ್ನು ಸೀಟಿನ ಎಡಕ್ಕೆ ಸರಿಸಿ ಎಡಗಾಲು ಊರಿ, ಬಲಗಾಲು ಹಿಂದಿನ ಬ್ರೇಕಿನ ಮೇಲೇ ಇರಲಿ. ನನ್ನದೂ ಅಷ್ಟೇ ಎಟುಕುವುದು. ಏರಿನಲ್ಲಿ ನಿಂತಾಗ ಬೈಕ್ ಹಿಂದೆ ಜಾರುವುದಿಲ್ಲ ಅನ್ನುವ ಲಾಭವೂ ಇದೆ.

ಎಂಟನೇ ದಿನ ಮತ್ತೆ ಹೋದೆ. ಈ ಸಲ ಗೆರೆ ನೋಡಲೇ ಇಲ್ಲ, ಆಚೆ ಬದಿಯ ಬೇಲಿ ಕಂಬ ಎರಡನ್ನು ಗುರುತು ಇಟ್ಟುಕೊಂಡು ಅವುಗಳ ನಡುವಿನ ಖಾಲಿಯನ್ನು ನೋಡಿದೆ. ಮುಗಿದದ್ದೇ ಗೊತ್ತಾಗಲಿಲ್ಲ. ಇನ್ಸ್‌ಪೆಕ್ಟರ್ "ಇನ್ನೊಂದು ಹಾಕಮ್ಮ" ಅಂದರು, ಹಾಕಿದೆ. ಆಮೇಲೆ ಕೈ ಸನ್ನೆ ಕೇಳಿದರು. ಬಲಗೈ ನೇರ ಚಾಚಿದರೆ ಬಲಕ್ಕೆ, ಚಾಚಿದ ಬಲಗೈಯನ್ನು ಅಪ್ರದಕ್ಷಿಣೆಯಾಗಿ ತಿರುಗಿಸಿದರೆ ಎಡಕ್ಕೆ. ಕೊನೆಗೆ, "ಘಾಟಿಯಲ್ಲಿ ದಾರಿ ಸಣ್ಣದಿದ್ರೆ ಯಾರು ಯಾರಿಗೆ ಬಿಡಬೇಕು?" ಅಂದರು. ಇಳಿಯುವವರು ಹತ್ತುವವರಿಗೆ ಬಿಡಬೇಕು ಅಂದೆ. ಪುಸ್ತಕದಲ್ಲಿ ಓದಿದ್ದಲ್ಲ. ಭಾರ ಹೊತ್ತು ಹತ್ತುತ್ತಿರುವ ಗಾಡಿ ಒಮ್ಮೆ ನಿಂತರೆ ಮತ್ತೆ ಎತ್ತಿಕೊಳ್ಳುವುದು ಎಷ್ಟು ಕಷ್ಟ ಅಂತ ನಮ್ಮೂರ ಏರಿನಲ್ಲಿ ಚಿಕ್ಕಂದಿನಿಂದ ನೋಡಿದ್ದೆ. "ಪಾಸ್" ಅಂದರು. ನನಗೆ ಅಲ್ಲೇ ಕಣ್ಣು ತುಂಬಿಬಂತು.

ಲೈಸೆನ್ಸ್ ಕೈಗೆ ಬಂದ ಮೇಲೆ ಹಿಂದೆ ಕೂರಿಸಿಕೊಂಡ ಮೊದಲಿಗರು ಅಪ್ಪಯ್ಯ. ಆ ಬೇಸಿಗೆಯಲ್ಲೇ ಶಿವಮೊಗ್ಗದಲ್ಲಿ ಅವರ ಕಣ್ಣಿನ ಆಪರೇಷನ್ ಆಯಿತು, ಒಂದಾದ ಮೇಲೆ ಒಂದು. ಓಡಾಟವೆಲ್ಲ ಬೈಕಿನಲ್ಲೇ. ಆಮೇಲೆ ಜೂನ್ ಬಂತು, ಟೆಸ್ಟಿನಲ್ಲಿ ಕೇಳದ ಪಾಠ ಶುರುವಾಯಿತು. ಮೊದಲ ಮಳೆಗೆ ರಸ್ತೆಯ ಮೇಲಿನ ಧೂಳು, ಎಣ್ಣೆ ಎಲ್ಲ ಸೇರಿ ಸೋಪಿನ ಹಾಗೆ ಆಗುತ್ತದೆ. ಶ್ರಾವಣದ ಹೊತ್ತಿಗೆ ಮರದ ನೆರಳಿನ ಕಡೆ ಪಾಚಿ ಕಟ್ಟುತ್ತದೆ, ಕಾಂಕ್ರೀಟ್ ಏರಿನ ಮೇಲಂತೂ ಕೇಳುವುದೇ ಬೇಡ. ಒದ್ದೆ ಅಡಿಕೆ ಹಾಳೆಯ ಮೇಲೆ ಚಕ್ರ ಹತ್ತಿದರೆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಅಲ್ಲೆಲ್ಲ ನನ್ನನ್ನು ಉಳಿಸಿದ್ದು ಅಂಗಳದ ಅದೇ ಕ್ಲಚ್ಚು, ಅದೇ ಹಿಂದಿನ ಬ್ರೇಕು, ಅದೇ ನೋಟ. ಮರುವರ್ಷ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿದಾಗ ಒಂದೊಂದೂ ಅರ್ಧ 8 ಅನ್ನಿಸಿತು. ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡಿ ಘಾಟಿ ಇಳಿಯುವವರನ್ನು ನೋಡಿದರೆ ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಗೇರಿನಲ್ಲೇ ಇಳಿಯಿರಿ, ಎಂಜಿನ್ನೇ ಅರ್ಧ ಬ್ರೇಕ್ ಹಾಕುತ್ತದೆ.

ನೀವು ಸಾಗರದವರು ಅಂದಿರಿ, ಟೆಸ್ಟ್ ತೆಗೆದುಕೊಳ್ಳುವ ಆರ್‌ಟಿಒ ಕಚೇರಿ (ಗಾಡಿ ನಂಬರು ಕೆಎ 15) ಅಲ್ಲೇ ಇದೆ, ನಮ್ಮ ಹಾಗೆ 60 ಕಿಲೋಮೀಟರ್ ಓಡಬೇಕಿಲ್ಲ. ಸ್ಕೂಟರಿನಲ್ಲಿ ಟೆಸ್ಟ್ ಕೊಟ್ಟರೆ ಗೇರ್ ಇರುವ ಬೈಕ್ ಓಡಿಸುವ ಅಧಿಕಾರ ಬರುವುದಿಲ್ಲ ಅನ್ನುವುದು ನೆನಪಿರಲಿ, ನಾಳೆ ಬೈಕ್ ಬೇಕಾದರೆ ಮತ್ತೆ ಇದೇ 8. ಎಲ್‌ಎಲ್‌ಆರ್‌ನ ಆರು ತಿಂಗಳು ಯಾವಾಗ ಮುಗಿಯುತ್ತದೆ ಅಂತ ಇವತ್ತೇ ನೋಡಿ. ಫೇಲಾಗಿ ಏಳು ದಿನ ಕಳೆದರೆ ಮತ್ತೆ ಹಾಜರಾಗಬಹುದು, ಮೂರು ಸಲವೂ ಆಗದಿದ್ದರೆ ಮಾತ್ರ 60 ದಿನ ಕಾಯಬೇಕು. ನಿಮಗೆ ಇನ್ನೂ ಎರಡು ಅವಕಾಶ ಇದೆ.

ಭಾನುವಾರ ಬೂದಿಯೋ ಸುಣ್ಣದ ಪುಡಿಯೋ ಹಾಕಿ ಒಂದು 8 ಬರೆಯಿರಿ. ಹತ್ತು ಸಲ ಓಡಿಸಿ, ಇಳಿದು, ನೆಲ ನೋಡಿ. ಗುರುತು ಎಲ್ಲಿ ಎರಡಾಗಿದೆ, ಎಲ್ಲಿ ಉಜ್ಜಿದೆ ಅಂತ ಇಲ್ಲೇ ಬರೆಯಿರಿ, ಅಪ್ಪಯ್ಯನಿಗೂ ಓದಿ ಹೇಳುತ್ತೇನೆ.