ಬಸ್ಸಿನ ಬೋರ್ಡಿನಿಂದಲೇ ಆರಂಭಿಸಬಹುದು

ನಾಲ್ಕು ವರ್ಷದ ಮಗಳು ವರ್ಣಮಾಲೆಯನ್ನು ಬಾಯಿಪಾಠ ಒಪ್ಪಿಸುತ್ತಾಳೆ, ಆದರೆ ಬರೆದ ಪದವನ್ನು ಗುರುತಿಸುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಆ ವಯಸ್ಸಿಗೆ ಅದು ತೀರಾ ಸಹಜ, ಗಾಬರಿ ಬೇಡ. ಬಾಯಿಪಾಠ ಕಿವಿಯ ಕಲಿಕೆ, ಅಕ್ಷರದ ಆಕಾರಕ್ಕೂ ಧ್ವನಿಗೂ ನಂಟು ಬೆಳೆಯಲು ಬೇರೆಯೇ ಅಭ್ಯಾಸ ಬೇಕು. ನೀವು ಕಾರವಾರದಲ್ಲೇ ಇರುವುದರಿಂದ, ನಿಲ್ದಾಣದಲ್ಲಿ ಕಾಯುವಾಗ ‘ಕಾರವಾರ’ ಎಂಬ ಬೋರ್ಡನ್ನು ತೋರಿಸಿ, ಒಂದೊಂದು ಅಕ್ಷರಕ್ಕೂ ಚಪ್ಪಾಳೆ ತಟ್ಟುತ್ತ ನಿಧಾನವಾಗಿ ಓದಿ; ಎರಡು ಬಾರಿ ಬರುವ ‘ರ’ವನ್ನು ಅವಳೇ ಹುಡುಕಲಿ, ಆಮೇಲೆ ‘ಶಿರಸಿ’ಯ ಬಸ್ಸು ಬಂದಾಗ ಅದೇ ‘ರ’ ನಡುವೆ ಕುಳಿತಿರುವುದನ್ನು ಕಾಣಲು ಅವಳಿಗೆ ಸಮಯ ಕೊಡಿ. ಒತ್ತಕ್ಷರವಿಲ್ಲದ ಇಂಥ ಪದಗಳೇ ಮೊದಲಿಗೆ ಸಾಕು. ‘ಅಮ್ಮ’, ‘ಅಪ್ಪ’ ಇದಕ್ಕೆ ಹೊರತು, ಪ್ರೀತಿಯ ಪದಗಳನ್ನು ಮಕ್ಕಳು ಚಿತ್ರದಂತೆ ಇಡಿಯಾಗಿ ಗುರುತಿಸಬಲ್ಲರು. ಮನೆಮಾತು ಕೊಂಕಣಿ ಎಂದಿದ್ದೀರಿ, ಹಾಗಾದರೆ ಹೊಸ ಪದದ ಅರ್ಥವನ್ನು ಮೊದಲು ಕೊಂಕಣಿಯಲ್ಲೇ ಮಾತನಾಡಿಕೊಳ್ಳಿ. ಬಳಪ ಹಿಡಿಸಿ ತಿದ್ದಿಸುವ ಆತುರ ಸದ್ಯಕ್ಕೆ ದಯವಿಟ್ಟು ಬೇಡ.